ಲೆನ್ಸಿನ ಅಂಚಿನ ಮೇಲೊಂದು ಶಾಸನ: "ಔಸ್ ಯೇನಾ ಬಿಎಂ 2.8/80"

ಶಾಸನ ಅಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು, ತಾಮ್ರಪಟ, ಹೆಚ್ಚೆಂದರೆ ದೇವಸ್ಥಾನದ ಗಂಟೆಯ ಮೇಲಿನ ಬರಹ. ಆದರೆ ಯಾರು ಮಾಡಿದರು, ಎಲ್ಲಿ ಮಾಡಿದರು, ಏನು ಮಾಡಿದರು ಅಂತ ಲೋಹದ ಮೇಲೆ ಕೊರೆದು ಬಣ್ಣ ತುಂಬಿದ ಬರಹ ಯಾವುದೇ ಇರಲಿ, ಅದನ್ನು ಶಾಸನದಂತೆ ಓದಲು ಅಡ್ಡಿಯೇನೂ ಇಲ್ಲ. ಈ ಸಲ ನಾವು ಓದುವುದು ಒಂದು ಹಳೆಯ ಕ್ಯಾಮೆರಾ ಲೆನ್ಸಿನ ಮುಂಭಾಗದ ಉಂಗುರವನ್ನು. ಒಂದೇ ಸಾಲು, ಅದೂ ವೃತ್ತಾಕಾರದಲ್ಲಿ.

ಇದಕ್ಕೊಂದು ಕಾರಣವಿದೆ. ನನ್ನ ಸ್ನೇಹಿತರೊಬ್ಬರ ತಂದೆ ತಮ್ಮ ಸುತ್ತಮುತ್ತಲಿನ ಊರುಗಳ ವೀರಗಲ್ಲು, ದಾನಶಾಸನಗಳನ್ನು ಬಹಳ ಹಿಂದೆ ಫೋಟೋ ತೆಗೆದಿಟ್ಟಿದ್ದರು. ಚೌಕಾಕಾರದ ದೊಡ್ಡ ನೆಗೆಟಿವ್‌ಗಳು, ಜೊತೆಗೆ ಒಂದು ನೋಟ್‌ಬುಕ್ಕು. ಅದರಲ್ಲಿರುವ ಕೆಲವು ಕಲ್ಲುಗಳು ಇವತ್ತು ಊರಲ್ಲಿಲ್ಲ. ಅವರು ಬಳಸಿದ ಪೆಂಟಕಾನ್ ಸಿಕ್ಸ್ ಕ್ಯಾಮೆರಾ ಮತ್ತು ಲೆನ್ಸು ಮನೆಯಲ್ಲೇ ಇವೆ. ಮಗ ಅದನ್ನು ಹಳೆ ಕ್ಯಾಮೆರಾ ಕೊಳ್ಳುವ ಅಂಗಡಿಯೊಂದಕ್ಕೆ ತೋರಿಸಿದಾಗ, "ಇದರ ಮೇಲೆ ಕಾರ್ಲ್ ಝೈಸ್ ಅಂತ ಹೆಸರೇ ಇಲ್ಲ, ಡುಪ್ಲಿಕೇಟ್ ಮಾಲು ಸಾರ್" ಅಂತ ಹೇಳಿಬಿಟ್ಟರಂತೆ. ಹೆಸರಿಲ್ಲದ್ದು ನಿಜ. ಆದರೆ ಹೆಸರು ಇಲ್ಲದಿರುವುದಕ್ಕೂ ಸುಳ್ಳು ಹೆಸರು ಇರುವುದಕ್ಕೂ ವ್ಯತ್ಯಾಸವಿದೆ. ಶಾಸನ ಓದುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಶಾಸನದ ಪಾಠ

ಎಪಿಗ್ರಾಫಿಯಾ ಕರ್ನಾಟಿಕದ ಕ್ರಮದಲ್ಲೇ ಬರೆದುಕೊಳ್ಳೋಣ.

ಇರುವ ಜಾಗ: ಲೆನ್ಸಿನ ಮುಂಗಾಜಿನ ಸುತ್ತಲಿನ ಕಪ್ಪು ಉಂಗುರ.
ಲಿಪಿ: ರೋಮನ್. ಭಾಷೆ: ಜರ್ಮನ್.
ಸ್ಥಿತಿ: ಚೆನ್ನಾಗಿದೆ. ಬಿಳಿ ಬಣ್ಣ ಒಂದೆರಡು ಕಡೆ ಮಾಸಿದೆ.
ಪಾಠ: "ಔಸ್ ಯೇನಾ ಬಿಎಂ 2.8/80", ನಂತರ ಏಳಂಕಿಯ ಕ್ರಮಸಂಖ್ಯೆ, ಕೊನೆಗೆ "ಡಿಡಿಆರ್".

ಜರ್ಮನ್ ಭಾಷೆಯಲ್ಲಿ "ಔಸ್" ಅಂದರೆ "ಇಂದ". "ಔಸ್ ಯೇನಾ" ಅಂದರೆ "ಯೇನಾದಿಂದ" ಅಷ್ಟೆ. ಯೇನಾ ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಒಂದು ಊರು. "ಡಿಡಿಆರ್" ಎಂಬುದು ಪೂರ್ವ ಜರ್ಮನಿಯ ಅಧಿಕೃತ ಹೆಸರಿನ ಮೊದಲಕ್ಷರಗಳು. ಅಂದರೆ ಈ ಸಾಲಿನಲ್ಲಿ ಊರಿದೆ, ರಾಜ್ಯವಿದೆ, ಕ್ರಮಸಂಖ್ಯೆಯಿದೆ. ಮಾಡಿದವರ ಹೆಸರು ಮಾತ್ರ ಇಲ್ಲ, ಮಾಡಿದ ವಸ್ತುವಿನ ಹೆಸರು ಎರಡೇ ಅಕ್ಷರಕ್ಕೆ ಇಳಿದಿದೆ.

ಅಂಕಿಗಳು ಹೇಳುವುದೇನು

ಸುಲಭವಾದದ್ದನ್ನು ಮೊದಲು ನೋಡೋಣ. 80 ಅಂದರೆ ನಾಭಿದೂರ, ಮಿಲಿಮೀಟರ್ ಲೆಕ್ಕದಲ್ಲಿ. 2.8 ಅಂದರೆ ನಾಭಿದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. 80ನ್ನು 2.8ರಿಂದ ಭಾಗಿಸಿದರೆ ಸುಮಾರು 28.6. ಅಂದರೆ ಕಿಂಡಿ ಪೂರ್ತಿ ತೆರೆದಾಗ, ಮುಂದಿನಿಂದ ನೋಡಿದರೆ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಅಗಲದ ಬೆಳಕಿನ ಬಾಗಿಲು ಕಾಣಬೇಕು. ಸ್ಕೇಲ್ ಹಿಡಿದು ನೋಡಿದರೂ ಇದನ್ನು ತಾಳೆ ಹಾಕಬಹುದು.

ಇದು ಝೂಮ್ ಇಲ್ಲದ, ಒಂದೇ ನಾಭಿದೂರದ ಲೆನ್ಸು. ಇಂಥದ್ದನ್ನು ಪ್ರೈಮ್ ಲೆನ್ಸ್ ಅಂತಾರೆ. ಪೆಂಟಕಾನ್ ಸಿಕ್ಸ್ ಬಳಸುವುದು 120 ಫಿಲಂ. ಒಂದು ಸುರುಳಿಗೆ 12 ಚಿತ್ರ, ಪ್ರತಿಯೊಂದೂ ಸುಮಾರು 56 ಮಿ.ಮೀ. ಚೌಕ. ಆ ಚೌಕದ ಕರ್ಣ 79 ಮಿ.ಮೀ. ನಾಭಿದೂರ ಚಿತ್ರದ ಕರ್ಣಕ್ಕೆ ಸಮನಾಗಿದ್ದರೆ ಅದು ಆ ಕ್ಯಾಮೆರಾದ "ನಾರ್ಮಲ್" ಲೆನ್ಸು. ಹಾಗಾಗಿ 35 ಮಿ.ಮೀ. ಫಿಲಂ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸು ಮಾಡುವ ಕೆಲಸವನ್ನೇ ಇಲ್ಲಿ 80 ಮಾಡುತ್ತದೆ.

ಶಾಸನದ ಫೋಟೋಕ್ಕೆ ಇದರಿಂದ ಏನು ಲಾಭ? ಒಂದೂವರೆ ಮೀಟರ್ ಎತ್ತರದ ಕಲ್ಲು ಅಂದುಕೊಳ್ಳಿ. ಅದು ಫಿಲಂ ಮೇಲೆ 50 ಮಿ.ಮೀ. ಬರಬೇಕಾದರೆ 30 ಪಟ್ಟು ಚಿಕ್ಕದಾಗಬೇಕು. ಲೆನ್ಸಿನಿಂದ ಸುಮಾರು ಎರಡೂವರೆ ಮೀಟರ್ ದೂರದಲ್ಲಿ ಕಲ್ಲಿದ್ದರೆ ಅಷ್ಟಾಗುತ್ತದೆ. ಆಗ 3 ಸೆಂ.ಮೀ. ಎತ್ತರದ ಅಕ್ಷರ ನೆಗೆಟಿವ್ ಮೇಲೆ 1 ಮಿ.ಮೀ. ಇರುತ್ತದೆ. ಅದೇ ಕಲ್ಲನ್ನು ಸಾಮಾನ್ಯ 35 ಮಿ.ಮೀ. ಫಿಲಂನಲ್ಲಿ ಉದ್ದುದ್ದ ಹಿಡಿದು ತೆಗೆದರೂ ಆ ಅಕ್ಷರ 0.64 ಮಿ.ಮೀ. ಮಾತ್ರ. ಸವೆದ ಕಲ್ಲಿನಲ್ಲಿ ಅದು "ವ"ವೋ "ಮ"ವೋ ಅಂತ ಒದ್ದಾಡುವಾಗ ಈ ವ್ಯತ್ಯಾಸ ಏನೆಂದು ನಿಮಗೇ ಗೊತ್ತು.

ಹತ್ತಿರ ಹೋಗಲು ಒಂದು ಮಿತಿಯಿದೆ. ಈ ಲೆನ್ಸು ಫೋಕಸ್ ಆಗುವ ಅತಿ ಸಮೀಪದ ದೂರ 1 ಮೀಟರ್. ಆಗ ಚೌಕದಲ್ಲಿ ಹಿಡಿಸುವುದು ಸುಮಾರು 58 ಸೆಂ.ಮೀ. ಅಗಲದ ಭಾಗ. ಸ್ನೇಹಿತರ ತಂದೆ ದೊಡ್ಡ ಶಾಸನಗಳನ್ನು ಒಮ್ಮೆ ಪೂರ್ತಿಯಾಗಿ, ಆಮೇಲೆ ತುಂಡುತುಂಡಾಗಿ ತೆಗೆದಿದ್ದಾರೆ. ತುಂಡಿನ ಚಿತ್ರಗಳೆಲ್ಲ ಸರಿಯಾಗಿ ಈ ಅಳತೆಯ ಆಸುಪಾಸಿನಲ್ಲೇ ಇವೆ.

"ಬಿಎಂ" ಎಂಬ ಸಂಕ್ಷೇಪ

ಶಾಸನಗಳಲ್ಲಿ "ಗ" ಅಂತ ಇದ್ದರೆ ಗದ್ಯಾಣ ಅಂತ ಓದಿಕೊಳ್ಳುತ್ತೇವೆ. ಅದು ಗೊತ್ತಾಗುವುದು ಬೇರೆ ಶಾಸನಗಳಲ್ಲಿ ಪೂರ್ತಿ ಪದ ಸಿಗುವುದರಿಂದ. ಇಲ್ಲೂ ಹಾಗೇ. ಇದೇ ಆಕಾರದ, ಇದೇ ಅಳತೆಯ ಬೇರೆ ಲೆನ್ಸುಗಳ ಮೇಲೆ "ಕಾರ್ಲ್ ಝೈಸ್ ಯೇನಾ ಬಯೋಮೆಟಾರ್ 2.8/80" ಅಂತ ಪೂರ್ತಿ ಬರೆದಿರುತ್ತದೆ. ಬಿಎಂ ಅಂದರೆ ಬಯೋಮೆಟಾರ್. ಇದೇ ಕಾರ್ಖಾನೆಯ ಬೇರೆ ಲೆನ್ಸುಗಳಲ್ಲಿ ಟೆಸ್ಸಾರ್‌ಗೆ "ಟಿ", ಸೊನ್ನಾರ್‌ಗೆ "ಎಸ್" ಅಂತ ಇರುವುದೂ ಸಿಗುತ್ತದೆ. ಒಂದೇ ಪದ್ಧತಿಯ ಸಂಕ್ಷೇಪಗಳು.

ಬಯೋಮೆಟಾರ್ ವಿನ್ಯಾಸ ಯೇನಾದ ಹ್ಯಾರಿ ತ್ಸೋಲ್ನರ್ ಅವರದು. ಒಟ್ಟು ಐದು ಗಾಜು, ನಾಲ್ಕು ಗುಂಪು. ಮುಂದೆ ಒಂದು ಒಂಟಿ ಗಾಜು, ಅದರ ಹಿಂದೆ ಅಂಟಿಸಿದ ಜೋಡಿ, ನಡುವೆ ಬೆಳಕಿನ ಕಿಂಡಿ, ಅದರ ಹಿಂದೆ ಎರಡು ಒಂಟಿ ಗಾಜು. 1952ರ ಸುಮಾರಿಗೆ ಪಶ್ಚಿಮ ಜರ್ಮನಿಯಲ್ಲಿ ತಯಾರಾದ ರೋಲೈಫ್ಲೆಕ್ಸ್ 2.8ಬಿ ಕ್ಯಾಮೆರಾದಲ್ಲೂ ಯೇನಾದ ಬಯೋಮೆಟಾರೇ ಇತ್ತು. ಹೀಗಾಗಿ ಇದು ಅಗ್ಗದ ಎರಡನೇ ದರ್ಜೆಯ ಸರಕು ಅನ್ನುವಂತಿಲ್ಲ.

ಗಾಜುಗಳ ಎಣಿಕೆ ಯಾಕೆ ಮುಖ್ಯ ಅಂದರೆ, ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ಬೆಳಕು ದಾಟುವಾಗಲೆಲ್ಲ ಸುಮಾರು ಶೇ. 4ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಯೋಮೆಟಾರ್‌ನಲ್ಲಿ ಇಂಥ ಎಂಟು ಮೈಗಳಿವೆ. 0.96ನ್ನು ಎಂಟು ಸಲ ಗುಣಿಸಿದರೆ 0.72. ಲೇಪನವಿಲ್ಲದಿದ್ದರೆ ಕಾಲುಭಾಗಕ್ಕಿಂತ ಹೆಚ್ಚು ಬೆಳಕು ನಷ್ಟ. ಅದರಲ್ಲಿ ಒಂದಿಷ್ಟು ಒಳಗೊಳಗೇ ಅಲೆದು ಫಿಲಂ ಮೇಲೆ ಮಂಜಿನಂತೆ ಬೀಳುತ್ತದೆ. ಈ ಪ್ರತಿಫಲನ ತಗ್ಗಿಸುವ ತೆಳು ಲೇಪನವನ್ನು ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದರು. ಲೇಪನವಿದೆ ಅಂತ ತಿಳಿಸಲು ಕೆಲಕಾಲ ಉಂಗುರದ ಮೇಲೆ ಕೆಂಪು "ಟಿ" ಕೊರೆಯುತ್ತಿದ್ದರು. ಎಲ್ಲಕ್ಕೂ ಲೇಪನ ಬಂದ ಮೇಲೆ ಆ ಗುರುತು ಬಿಟ್ಟುಹೋಯಿತು. ಮುಂದೆ ಹಲವು ಪದರದ ಲೇಪನ ಬಂದಾಗ "ಎಂಸಿ" ಅಂತ ಹೊಸ ಬಿರುದು ಸೇರಿತು.

ಇದರಿಂದ ಕಾಲ ಸಿಗುತ್ತದೆ ನೋಡಿ. ನಮ್ಮ ಉಂಗುರದಲ್ಲಿ ಕೆಂಪು "ಟಿ" ಇಲ್ಲ, "ಎಂಸಿ"ಯೂ ಇಲ್ಲ. ಲೆನ್ಸಿನ ಮೈ ಕಪ್ಪು-ಬೆಳ್ಳಿ ಪಟ್ಟೆಯದು. ಸಂಗ್ರಾಹಕರು ಇದನ್ನು "ಝೀಬ್ರಾ" ಅಂತಲೇ ಕರೆಯುತ್ತಾರೆ. ಇದಕ್ಕಿಂತ ಹಳೆಯವು ಬೆಳ್ಳಿ ಬಣ್ಣದವು, ಹೊಸವು ಪೂರ್ತಿ ಕಪ್ಪು. ಲಿಪಿಲಕ್ಷಣ ನೋಡಿ ತೇದಿಯಿಲ್ಲದ ಶಾಸನದ ಕಾಲ ಹೇಳುವಂತೆ, ಇದನ್ನು 1960ರ ದಶಕ ಮತ್ತು 1970ರ ದಶಕದ ಮೊದಲರ್ಧದ ನಡುವೆ ಇಡಬಹುದು. ಕ್ರಮಸಂಖ್ಯೆ ಇನ್ನಷ್ಟು ಸೂಕ್ಷ್ಮವಾಗಿ ಹೇಳುತ್ತದೆ. ಆದರೆ ಸಂಖ್ಯೆಗಳನ್ನು ಕಟ್ಟುಕಟ್ಟಾಗಿ ಹಂಚುತ್ತಿದ್ದರು, ಆದ್ದರಿಂದ ಅದೊಂದನ್ನೇ ನಂಬಿ ಇಂಥದ್ದೇ ವರ್ಷ ಅಂತ ಹಟ ಹಿಡಿಯಬಾರದು.

ಹೆಸರು ಎಲ್ಲಿ ಹೋಯಿತು?

ಇನ್ನು ಮುಖ್ಯ ಪ್ರಶ್ನೆ. ಒಂದರ ಮೇಲೆ "ಕಾರ್ಲ್ ಝೈಸ್ ಯೇನಾ ಬಯೋಮೆಟಾರ್", ಅದರ ತದ್ರೂಪಿನ ಮೇಲೆ "ಔಸ್ ಯೇನಾ ಬಿಎಂ". ಏಕೆ?

ಕಾರ್ಲ್ ಝೈಸ್ ಯೇನಾದಲ್ಲಿ ಕಾರ್ಯಾಗಾರ ತೆರೆದದ್ದು 1846ರಲ್ಲಿ. ಅವರ ಜೊತೆಗಾರ ಎರ್ನ್ಸ್ಟ್ ಆಬ್ಬೆ 1889ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿ ಸಂಸ್ಥೆಯನ್ನು ಅದಕ್ಕೆ ಒಪ್ಪಿಸುತ್ತಾ ಬಂದರು. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಯೇನಾವನ್ನು ಹಿಡಿಯಿತು. ಆದರೆ ಮಿತ್ರರಾಷ್ಟ್ರಗಳ ಒಪ್ಪಂದದ ಪ್ರಕಾರ ತುರಿಂಗಿಯಾ ಸೋವಿಯತ್ ಪಾಲಿಗೆ ಸೇರಬೇಕಿತ್ತು. ಬಿಟ್ಟು ಹೋಗುವಾಗ ಅಮೆರಿಕನ್ನರು ಝೈಸ್‌ನ ಆಡಳಿತಗಾರರು, ವಿಜ್ಞಾನಿಗಳನ್ನು ಹತ್ತಾರು ಸಂಖ್ಯೆಯಲ್ಲಿ ತಮ್ಮ ವಲಯಕ್ಕೆ ಕರೆದೊಯ್ದರು. ಇವರು ಪಶ್ಚಿಮದ ಓಬರ್‌ಕೋಹೆನ್ ಎಂಬ ಊರಲ್ಲಿ 1946ರಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಯೇನಾಕ್ಕೆ ಬಂದ ಸೋವಿಯತ್ತರು ಯುದ್ಧ ಪರಿಹಾರವೆಂದು ಅಲ್ಲಿನ ಯಂತ್ರೋಪಕರಣಗಳ ಬಹುಪಾಲನ್ನು ಬಿಚ್ಚಿ ಸಾಗಿಸಿದರು. ಉಳಿದದ್ದರಿಂದಲೇ ಯೇನಾದವರು ಮತ್ತೆ ಎದ್ದು ನಿಂತರು. 1948ರಲ್ಲಿ ಆ ಕಾರ್ಖಾನೆ ಸರ್ಕಾರದ ಒಡೆತನಕ್ಕೆ ಬಂತು. 1949ರಲ್ಲಿ ಪಶ್ಚಿಮದವರು ಪ್ರತಿಷ್ಠಾನದ ಕೇಂದ್ರಸ್ಥಾನ ಇನ್ನು ಹೈಡನ್‌ಹೈಮ್ ಅಂದರು.

ಅಲ್ಲಿಗೆ ಒಂದು ಮನೆತನ, ಎರಡು ರಾಜಧಾನಿ. ನಮಗೇನೂ ಹೊಸದಲ್ಲ ಇದು. ಎರಡನೆಯ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ವೇಂಗಿ ಚಾಲುಕ್ಯರ ಶಾಖೆ ಬೆಳೆಯಿತು. ಬಾದಾಮಿಯವರೂ ವೇಂಗಿಯವರೂ ತಮ್ಮನ್ನು ಮಾನವ್ಯಸಗೋತ್ರದವರು, ಹಾರೀತೀಪುತ್ರರು ಅಂತಲೇ ಕರೆದುಕೊಂಡರು. ವ್ಯತ್ಯಾಸ ಇಷ್ಟೇ: "ಈ ಬಿರುದು ನನ್ನದು, ನೀನು ಬಳಸಬೇಡ" ಅಂತ ಅವರು ಕೋರ್ಟಿಗೆ ಹೋಗಲಿಲ್ಲ. ಎರಡು ಝೈಸ್‌ಗಳು ಹೋದವು.

1950ರ ದಶಕದಿಂದ ದೇಶದೇಶಗಳ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ನಡೆದವು. ಪಶ್ಚಿಮ ಜರ್ಮನಿಯಲ್ಲಿ, ಅಮೆರಿಕದಲ್ಲಿ ಓಬರ್‌ಕೋಹೆನ್‌ನವರು ಗೆದ್ದರು. ಬ್ರಿಟನ್ನಿನ ಪ್ರಕರಣ ಬಹಳ ಸ್ವಾರಸ್ಯದ್ದು. ಆಗ ಬ್ರಿಟನ್ ಪೂರ್ವ ಜರ್ಮನಿಯನ್ನು ಒಂದು ದೇಶವೆಂದೇ ಒಪ್ಪಿರಲಿಲ್ಲ. ಒಪ್ಪದ ಸರ್ಕಾರದ ಆಜ್ಞೆಗಳಿಗೆ ಬೆಲೆ ಇದೆಯೇ? 1966ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಉತ್ತರ: ಅದನ್ನು ಸೋವಿಯತ್ ಒಕ್ಕೂಟದ ಅಧೀನ ಸಂಸ್ಥೆಯೆಂದು ಭಾವಿಸಿ ಅದರ ಕೃತ್ಯಗಳನ್ನು ಗಣನೆಗೆ ತೆಗೆದುಕೊಳ್ಳಬಹುದು. ನಮ್ಮ ಶಾಸನದ ಭಾಷೆಯಲ್ಲಿ ಹೇಳುವುದಾದರೆ "ತತ್ಪಾದಪದ್ಮೋಪಜೀವಿ". ಚಕ್ರವರ್ತಿಯನ್ನು ಒಪ್ಪಿದ ಮೇಲೆ ಮಹಾಮಂಡಲೇಶ್ವರನು ಕೊಟ್ಟ ದತ್ತಿಯನ್ನೂ ಒಪ್ಪಬೇಕು, ಅಷ್ಟೇ ತರ್ಕ! ಕೊನೆಗೆ 1971ರಲ್ಲಿ ಲಂಡನ್ನಿನಲ್ಲಿ ರಾಜಿಯಾಗಿ ಯಾವ ದೇಶದಲ್ಲಿ ಯಾರು ಯಾವ ಹೆಸರು ಬಳಸಬೇಕು ಅಂತ ಹಂಚಿಕೊಂಡರು. ಪಶ್ಚಿಮದವರೂ ಪೂರ್ವ ಬಣದಲ್ಲಿ ಮಾರುವಾಗ "ಆಪ್ಟನ್" ಅಂತ ಹೆಸರು ಬದಲಿಸಬೇಕಾಯಿತು.

ಇದರ ಫಲವೇ ನಮ್ಮ ಉಂಗುರ. ಝೈಸ್ ಎಂಬ ಹೆಸರು ಹಾಕುವಂತಿಲ್ಲ, ಬಯೋಮೆಟಾರ್, ಟೆಸ್ಸಾರ್, ಸೊನ್ನಾರ್ ಎಂಬ ಹೆಸರುಗಳೂ ಕಷ್ಟ. ಆದರೆ ಊರಿನ ಹೆಸರನ್ನು ಯಾರೂ ಕಿತ್ತುಕೊಳ್ಳುವಂತಿಲ್ಲವಲ್ಲ! "ಯೇನಾದಿಂದ" ಅಂತ ಬರೆದರು. ತಿಳಿದವರಿಗೆ ಅಷ್ಟು ಸಾಕಿತ್ತು.

ಇಲ್ಲಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಹೆಸರು ತೆಗೆದದ್ದು ಹೆಸರಿಗೆ ತಡೆ ಇದ್ದ ಮಾರುಕಟ್ಟೆಗಳಿಗಾಗಿ. ಹಾಗಾಗಿ "ಔಸ್ ಯೇನಾ" ಎಂಬುದು ಮಾಲು ಎಲ್ಲಿ ತಯಾರಾಯಿತು ಅನ್ನುವುದರ ಜೊತೆಗೆ, ಎಂಥ ಕಡೆ ಮಾರಾಟವಾಗಲು ಹೊರಟಿತ್ತು ಅನ್ನುವುದನ್ನೂ ಸೂಚಿಸುತ್ತದೆ. ಸ್ನೇಹಿತರ ಮನೆಯಲ್ಲಿ "ದೊಡ್ಡಪ್ಪ ಜರ್ಮನಿಯಿಂದ ತಂದುಕೊಟ್ಟದ್ದು" ಎಂಬ ಮಾತು ಉಳಿದಿದೆ, ಯಾವ ಜರ್ಮನಿ ಅಂತ ಯಾರಿಗೂ ನೆನಪಿಲ್ಲ. ಲೆನ್ಸಿನಲ್ಲಿ "ಡಿಡಿಆರ್" ಇರುವುದರಿಂದ ಪೂರ್ವ ಜರ್ಮನಿಯಲ್ಲೇ ಕೊಂಡಿರಬೇಕು ಅನ್ನಿಸುವುದು ಸಹಜ. ಉಂಗುರದ ಪಾಠ ಪಶ್ಚಿಮದ ಕಡೆಗೆ ಕೈ ತೋರಿಸುತ್ತದೆ.

ಕೂಟಶಾಸನ ಹೌದೋ ಅಲ್ಲವೋ

ಲೆನ್ಸುಗಳಲ್ಲಿ ನಕಲಿ ಇಲ್ಲವೇ ಇಲ್ಲ ಅಂತಲ್ಲ. ಸೋವಿಯತ್ ಯುಪಿಟರ್ ಲೆನ್ಸುಗಳಿಗೆ "ಕಾರ್ಲ್ ಝೈಸ್ ಯೇನಾ ಸೊನ್ನಾರ್" ಅಂತ ಹೊಸದಾಗಿ ಕೊರೆದು ಮಾರುವುದು ಸಂಗ್ರಾಹಕರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಯೋಚಿಸಿ. ಕೂಟಶಾಸನ ಬರೆಯುವವನು ಏನು ಮಾಡುತ್ತಾನೆ? ದೊಡ್ಡ ರಾಜನ ಹೆಸರು, ಉದ್ದದ ಬಿರುದಾವಳಿ ಹಾಕುತ್ತಾನೆ. ಬೆಲೆ ಬಾಳುವ ಹೆಸರನ್ನೇ ಬಿಟ್ಟು, ಯಾರಿಗೂ ಅರ್ಥವಾಗದ ಎರಡಕ್ಷರ ಕೊರೆದು ನಕಲು ಮಾಡುವ ಮೂರ್ಖ ಯಾರೂ ಇಲ್ಲ.

ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಎಷ್ಟು ಕಟ್ಟುನಿಟ್ಟಾಗಿದ್ದರು ಅಂತ ನೀವು ಓದಿರುತ್ತೀರಿ. ಬಹುಪಾಲನ್ನು ಕೂಟವೆಂದು ತಳ್ಳಿದರು. ಹಾಗೆ ಸಾರಾಸಗಟಾಗಿ ತಳ್ಳಲಾಗದು, ಒಂದೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು ಎಂಬುದು ನಂತರದ ವಿದ್ವಾಂಸರ ನಿಲುವು. ಅದೇ ವಿಧಾನ ಇಲ್ಲಿಗೂ ಸಲ್ಲುತ್ತದೆ.

ಉಂಗುರವನ್ನು ಸಾಮಾನ್ಯವಾಗಿ ತಿರುಗಿಸಿ ಬಿಚ್ಚಬಹುದು. ಅಂದರೆ ಒಂದರದ್ದನ್ನು ಇನ್ನೊಂದಕ್ಕೆ ಹಾಕಲೂಬಹುದು. ಆದ್ದರಿಂದ ಬರಹ ಹೇಳುವುದನ್ನು ಗಾಜೂ ಹೇಳುತ್ತದೆಯೇ ಅಂತ ನೋಡಬೇಕು. ಇದಕ್ಕೆ ಲೆನ್ಸು ಬಿಚ್ಚಬೇಕಾಗಿಲ್ಲ. ಕತ್ತಲೆ ಕೋಣೆಯಲ್ಲಿ ಒಂದು ಚಿಕ್ಕ ಬಲ್ಬನ್ನು ಲೆನ್ಸಿಗೆ ಹಿಡಿದು, ಕಿಂಡಿಯನ್ನು ಆದಷ್ಟು ಮುಚ್ಚಿ, ಒಳಗೆ ಕಾಣುವ ಬಲ್ಬಿನ ಪ್ರತಿಬಿಂಬಗಳನ್ನು ಎಣಿಸಿ. ಗಾಳಿ-ಗಾಜು ಸೇರುವ ಪ್ರತಿ ಮೈಯೂ ಒಂದು ಪ್ರತಿಬಿಂಬ ಕೊಡುತ್ತದೆ, ಅಂಟಿಸಿದ ಮೈ ಬಹಳ ಮಂಕಾದದ್ದು ಕೊಡುತ್ತದೆ. ಬಯೋಮೆಟಾರ್ ಆದರೆ ಮುಂದಿನ ಕಡೆಯಿಂದ ನಾಲ್ಕು ಸ್ಪಷ್ಟ, ಒಂದು ಮಂಕು. ಹಿಂದಿನಿಂದ ನಾಲ್ಕು ಸ್ಪಷ್ಟ. ನಾಲ್ಕು ಗಾಜಿನ ಟೆಸ್ಸಾರ್ ಆದರೆ ಮುಂದೆ ನಾಲ್ಕು ಸ್ಪಷ್ಟ, ಹಿಂದೆ ಎರಡು ಸ್ಪಷ್ಟ ಮತ್ತು ಒಂದು ಮಂಕು. ಸ್ನೇಹಿತರ ಲೆನ್ಸಿನಲ್ಲಿ ಮುಂದೆ ನಾಲ್ಕು ಮತ್ತು ಒಂದು, ಹಿಂದೆ ನಾಲ್ಕು. ಬರಹವೂ ಗಾಜೂ ಒಂದನ್ನೇ ಹೇಳುತ್ತಿವೆ. ಶಾಸನ ಅಸಲಿ.

ಇದರಿಂದ ಕಲ್ಲಿಗೇನು?

ಲೆನ್ಸಿನ ಮಾರಾಟದ ಬೆಲೆ ಸ್ನೇಹಿತರ ಚಿಂತೆ. ನನ್ನ ಚಿಂತೆ ಆ ನೆಗೆಟಿವ್‌ಗಳದು. ಅದರಲ್ಲೊಂದು ವೀರಗಲ್ಲು ಈಗ ಊರಿನಲ್ಲಿಲ್ಲ, ರಸ್ತೆ ಅಗಲ ಮಾಡುವಾಗ ಎಲ್ಲಿ ಹೋಯಿತೋ ಯಾರೂ ಹೇಳುತ್ತಿಲ್ಲ. ಅದರ ಪಡಿಯಚ್ಚು ಇಲ್ಲ, ಅಳತೆ ಬರೆದಿಟ್ಟಿಲ್ಲ. ಫೋಟೋದಲ್ಲಿ ಪಕ್ಕದಲ್ಲಿ ಸ್ಕೇಲೂ ಇಟ್ಟಿಲ್ಲ. ಉಳಿದಿರುವುದು ಒಂದು ನೆಗೆಟಿವ್, ನೋಟ್‌ಬುಕ್ಕಿನಲ್ಲಿ ಅದರ ಎದುರು "2.5 ಮೀ" ಎಂಬ ಬರಹ. ಲೆನ್ಸಿನ ಫೋಕಸ್ ಉಂಗುರದಲ್ಲಿ ಕಂಡ ದೂರವನ್ನು ಪ್ರತಿ ಚಿತ್ರಕ್ಕೂ ಬರೆದುಕೊಳ್ಳುವುದು ಅವರ ಅಭ್ಯಾಸ.

ಲೆನ್ಸು ಯಾವುದೋ ಗೊತ್ತಿಲ್ಲದ "ಡುಪ್ಲಿಕೇಟ್" ಆಗಿದ್ದರೆ ಆ "2.5 ಮೀ"ನಿಂದ ಏನೂ ಮಾಡಲಾಗುತ್ತಿರಲಿಲ್ಲ. ಈಗ ನಾಭಿದೂರ 80 ಅಂತ ಗೊತ್ತು, ಅಳತೆಪಟ್ಟಿಯನ್ನೂ ನಂಬಬಹುದು. ಆ ದೂರ ಫಿಲಂನಿಂದ ಕಲ್ಲಿನವರೆಗಿನದು. 2500ನ್ನು 80ರಿಂದ ಭಾಗಿಸಿ 2 ಕಳೆದರೆ 29.25. ಕುಗ್ಗುವಿಕೆಯ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಅಂದರೆ ನೆಗೆಟಿವ್ ಮೇಲಿನ 1 ಮಿ.ಮೀ. ಕಲ್ಲಿನ ಮೇಲೆ ಸುಮಾರು 29 ಮಿ.ಮೀ. ನೆಗೆಟಿವ್‌ನಲ್ಲಿ ಕಲ್ಲಿನ ಎತ್ತರ 48 ಮಿ.ಮೀ. ಇದೆ. ಹಾಗಾದರೆ ನೆಲದ ಮೇಲೆ ಕಾಣುತ್ತಿದ್ದ ಕಲ್ಲಿನ ಎತ್ತರ ಸುಮಾರು 1.40 ಮೀಟರ್. ಕೈಯಿಂದ ಫೋಕಸ್ ಮಾಡುವಾಗ, ಪಟ್ಟಿ ಓದುವಾಗ ಆಗುವ ಹೆಚ್ಚುಕಡಿಮೆಗೆ ಶೇ. 5 ಬಿಟ್ಟರೂ 1.33ರಿಂದ 1.47 ಮೀಟರ್.

ಇದು ದೊಡ್ಡ ಶೋಧವೇನಲ್ಲ. ಆದರೆ ಎಲ್ಲಾದರೂ ಗುಡಿಯ ಹಿತ್ತಲಲ್ಲಿ, ಕೆರೆ ಏರಿಯಲ್ಲಿ ಮೂರು ಹಂತದ ವೀರಗಲ್ಲೊಂದು ಸಿಕ್ಕರೆ, ಇದು ಅದೇನಾ ಅಂತ ತೂಗಿನೋಡಲು ಶಿಲ್ಪದ ಜೊತೆಗೆ ಒಂದು ಅಳತೆಯೂ ಸಿಕ್ಕಂತಾಯಿತು. ಕಳೆದುಹೋದ ಕಲ್ಲಿಗೆ ಉಳಿದಿರುವ ಒಂದೇ ಅಳತೆ ಇದು. ಅದು ನಿಂತಿರುವುದು ಲೆನ್ಸಿನ ಅಂಚಿನ ಒಂದು ಸಾಲಿನ ಮೇಲೆ.

ನಿಮ್ಮ ಮನೆಯಲ್ಲೋ ಪರಿಚಿತರ ಮನೆಯಲ್ಲೋ ಹಿರಿಯರು ತೆಗೆದ ಇಂಥ ನೆಗೆಟಿವ್‌ಗಳಿದ್ದರೆ ದಯವಿಟ್ಟು ಕ್ಯಾಮೆರಾ ಮಾರುವ ಮೊದಲು ಇಷ್ಟು ಮಾಡಿ. ಲೆನ್ಸಿನ ಉಂಗುರದ ಬರಹವನ್ನು ಅಕ್ಷರ ಬಿಡದೆ, ಬಣ್ಣದ ಗುರುತು ಸಮೇತ ನಕಲು ಮಾಡಿಕೊಳ್ಳಿ, ಒಂದು ಫೋಟೋ ತೆಗೆಯಿರಿ. ನೆಗೆಟಿವ್‌ನ ಅಂಚು ಕತ್ತರಿಸಬೇಡಿ, ಸ್ಕ್ಯಾನ್ ಮಾಡಿಸುವಾಗ ಪೂರ್ತಿ ಚೌಕ ಬರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅಳತೆಗೆ ಆಧಾರವೇ ಹೋಗುತ್ತದೆ. ನೋಟ್‌ಬುಕ್ಕು, ಚೀಟಿ, ಡಬ್ಬಿಯ ಮೇಲಿನ ಗೀಚು, ಯಾವುದನ್ನೂ ಎಸೆಯಬೇಡಿ. ಬರಹದಲ್ಲಿ ಹೆಸರು ಕಾಣದಿದ್ದರೆ, ಯಾಕಿಲ್ಲ ಅಂತ ಒಮ್ಮೆ ಕೇಳಿ. ಬೇಕಂತಲೇ ಬಿಟ್ಟ ಹೆಸರು ಎಷ್ಟೋ ಸಲ ಬರೆದ ಹೆಸರಿಗಿಂತ ಹೆಚ್ಚು ಹೇಳುತ್ತದೆ.